ಗೋಲಿನ ಹಲಗೆಗೆ ಬಣ್ಣ

ಸಿಕಂದರಾಬಾದಿನಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ಹಾಕಿ ಕ್ಲಬ್ಬೊಂದು ಮತ್ತೆ ಶುರುವಾಗುವುದಿತ್ತು. ಗೋಲಿನ ಒಳಗಿನ ಗಿಡ್ಡ ಹಲಗೆಗೆ ಬಣ್ಣ ಹಚ್ಚುವ ಕೆಲಸ ನನಗೆ ಸಿಕ್ಕಿತು.

"ಮೈದಾನಕ್ಕ ಬೆನ್ನು ಕೊಟ್ಟು ಕೂಡಬ್ಯಾಡ್ರಿ," ಅಂದ ಕಾವಲುಗಾರ, ಬೀದರಿನ ಮುದುಕ.

"ಮತ್ತ ಬಣ್ಣ ಹೆಂಗ ಹಚ್ಚಲಿ?" ಎಂದು ರೇಗಿದೆ.

ಮಟಮಟ ಮಧ್ಯಾಹ್ನ. ಅರ್ಧ ಹಲಗೆ ಮುಗಿದಿತ್ತು. ಬೆನ್ನ ಹಿಂದೆ ಸ್ಟಿಕ್ಕು ಚೆಂಡಿಗೆ ಬಡಿದ ಸದ್ದಾಯಿತು. ತಿರುಗಿದರೆ ಮೈದಾನ ಖಾಲಿ. ಮತ್ತೆ ಹಲಗೆ ನೋಡಿದರೆ ನನ್ನ ಮೊಣಕಾಲಿನ ಪಕ್ಕದಲ್ಲೇ, ಹಸಿ ಬಣ್ಣದ ಮೇಲೆ, ಚೆಂಡು ಬಡಿದ ದುಂಡನೆ ಗುರುತು.

ಮುದುಕ ಗೇಟಿನಿಂದಲೇ ಕೂಗಿದ: "ಗೋಲ್‌ಕೀಪರ್ ಬಂದಾನಂತ ಹಳೇ ಟೀಮಿಗೆ ಖುಷಿ ಆಗೇತ್ರಿ!"

ಉಳಿದರ್ಧ ಹಲಗೆಗೆ ಮೈದಾನದ ಕಡೆ ಮುಖ ಮಾಡಿ, ಕೈ ಹಿಂದಕ್ಕೆ ಚಾಚಿ ಬಳಿದೆ. ಪೂರಾ ಸೊಟ್ಟ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ಕ್ಲಬ್ಬಿನ ಹಿರಿಯರೊಬ್ಬರು ಬಗ್ಗಿ ನೋಡಿ, "ಹಿಂದಿನ ಪೇಂಟರೂ ಅರ್ಧ ಹಿಂಗೇ ಹಚ್ಚಿದ್ದ," ಅಂದರು.