ನೆಲದ ನಡುಕ ತರಲು ದ್ವಾರಕಾಕ್ಕೆ

ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಮಗಳು ಶ್ರುತಿ ಹಾಸ್ಟೆಲಿನಿಂದ ಫೋನ್ ಮಾಡಿದಳು.

"ಅಮ್ಮಾ, ವಿಜಯದಶಮಿ ಬೆಳಿಗ್ಗೆ ನೆಲ ನಡುಗಿತ್ತಲ್ಲ, ಮೊನ್ನೆ ಮನೆಯಿಂದ ತಂದ ಮೆಮೊರಿ ಕಾರ್ಡಲ್ಲಿ ನೋಡ್ದೆ, ನಮ್ಮನೆ ಮಷೀನು ಎಷ್ಟು ದೊಡ್ಡದಾಗಿ ಹಿಡಿದಿದೆ ಗೊತ್ತಾ! ದ್ವಾರಕಾದ ಕಾರ್ಡ್ ತರೋಕೆ ಹೋಗ್ತಿದೀನಿ. ನೀನೂ ಬಾ."

ಅವಳು ಓದುವುದು ಭೂಕಂಪವನ್ನು. ಒಂದೇ ನಡುಕಕ್ಕೆ ದೆಹಲಿಯಲ್ಲಿ ಯಮುನೆಯ ಮರಳಿನ ಮೇಲಿರುವ ನಮ್ಮ ಮಯೂರ್ ವಿಹಾರ್ ಎಷ್ಟು ಅಲುಗುತ್ತದೆ, ಊರಿನ ಆಚೆ ತುದಿಯ ದ್ವಾರಕಾ ಎಷ್ಟು ಎಂದು ಹೋಲಿಸುವುದೇ ಅವಳ ಪಿಎಚ್‌ಡಿ. ಒಂದು ಯಂತ್ರ ನಮ್ಮ ದೇವರ ಕೋಣೆಯ ಮೂಲೆಯಲ್ಲಿತ್ತು, ಇನ್ನೊಂದು ದ್ವಾರಕಾದಲ್ಲಿ ನಮ್ಮ ಪರಿಚಯದ ಸಾವಿತ್ರಮ್ಮನವರ ಮನೆಯಲ್ಲಿ. ತಕ್ಕ ನಡುಕಕ್ಕಾಗಿ ಎರಡು ವರ್ಷ ಕಾದಿದ್ದಳು. ಬರೆದು ಮುಗಿಸಲು ಉಳಿದದ್ದು ಕೆಲವೇ ತಿಂಗಳು.

ಅವಳು ಮನೆಗೆ ಬಂದ ಮೇಲೆ ಹನ್ನೊಂದಕ್ಕೆ ಮೆಟ್ರೋ ಹತ್ತಿದೆವು. ಹೊರಗೆ ಹೊಗೆ ಕವಿದು ಸೂರ್ಯನೇ ಇರಲಿಲ್ಲ. ಇಬ್ಬರಿಗೂ ಸೀಟು ಸಿಕ್ಕಿತು, ದೇವರ ದಯೆ. ದ್ವಾರಕಾದವರೆಗೆ ಒಂದೇ ರೈಲು, ಅದೂ ದಯೆಯೇ. ಕೆಳಗೆ ಯಮುನೆ ಕಪ್ಪಗೆ ನಿಂತಂತಿತ್ತು.

"ನಮ್ಮ ದೇಶದ ನೆಲ ಇಡೀ ಉತ್ತರಕ್ಕೆ ತಳ್ಕೊಂಡು ಹೋಗ್ತಾ ಇದೆ ಅಮ್ಮ. ಅದಕ್ಕೇ ಹಿಮಾಲಯ ಎದ್ದಿದ್ದು. ಒಳಗೆ ಎಲ್ಲೋ ಬಂಡೆ ಬಿರುಕು ಬಿಟ್ಟು ಜಾರಿದ್ರೆ ನಡುಕ."

"ನಿಲ್ಲೋದೇ ಇಲ್ವೇ?"

"ನಮ್ಮ ಕಾಲದಲ್ಲಂತೂ ಇಲ್ಲ," ಎಂದು ನಕ್ಕಳು. ಅವಳು ಹಾಗೆ ನಕ್ಕು ತಿಂಗಳುಗಳಾಗಿದ್ದವು.

ಸಾವಿತ್ರಮ್ಮ ಅವಲಕ್ಕಿ ಕೊಟ್ಟರು. "ನಿಮ್ಮ ಮಗಳ ಡಬ್ಬಕ್ಕೆ ಹೆದರಿ ನಮ್ಮೆಜಮಾನ್ರನ್ನ ಆ ರೂಮಲ್ಲಿ ಮಲಗಿಸೋದೇ ಬಿಟ್ಟಿದೀನಿ. ಗೊರಕೆನೂ ಬರ್ಕೊಂಡ್ರೆ?" ಎಂದು ನಗಿಸಿದರು. ಆಮೇಲೆ, "ನೆಲ ತಣ್ಣಗಿದೆ ಪಾಪ, ಡಬ್ಬದ ಕೆಳಗೊಂದು ಮ್ಯಾಟ್ ಹಾಕ್ಲೇನಮ್ಮ?" ಎಂದರು.

"ಅಯ್ಯೋ ಬೇಡ ಆಂಟಿ! ಬರೀ ನೆಲಾನೇ ಬೇಕು. ಕೆಳಗೆ ಏನಿದ್ರೂ ಅದರ ಕುಣಿತಾನೇ ಬರೆಯುತ್ತೆ."

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಆಯುಧಪೂಜೆಯ ಸಂಜೆ ಮಿಕ್ಸಿ, ಈಳಿಗೆ, ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮ ಇಟ್ಟಿದ್ದೆ. ನಾಳೆ ಮಗಳಿಗೆ ಅನ್ನ ಕೊಡುವ ಯಂತ್ರವನ್ನು ಬರಿ ನೆಲದಲ್ಲಿ ಬಿಡಲು ಮನಸ್ಸಾಗದೆ, ರಂಗೋಲಿ ಹಾಕಿ ಮಣೆಯ ಮೇಲೆ ಕೂರಿಸಿದ್ದೆ. ಆ ಮಣೆ ಮುಟ್ಟಿದರೂ ಅಲುಗುತ್ತದೆ. ಇಳಿಸಿದ್ದು ಮರುದಿನ, ವಿಜಯದಶಮಿಯ ಪೂಜೆಯಾದ ಮೇಲೆ. ನೆಲ ನಡುಗಿದ್ದು ಅದಕ್ಕೂ ಮುಂಚೆ.

ಶ್ರುತಿ ಲ್ಯಾಪ್‌ಟಾಪಿನಲ್ಲಿ ಎರಡು ಗೆರೆಗಳನ್ನು ತೋರಿಸುತ್ತಿದ್ದಳು. "ನೋಡಿ, ದ್ವಾರಕಾ ಇಷ್ಟೇ. ನಮ್ಮನೇದು ಇಷ್ಟು! ನಾಳೆ ನಮ್ಮ ಗೈಡ್ ಮೇಡಂ ಖುಷ್ ಆಗ್ತಾರೆ."

ಹೇಳದೆ ಇದ್ದುಬಿಡಬಹುದಿತ್ತು. ಆದರೆ ನದಿಯ ದಡದಲ್ಲಿ ಅಷ್ಟು ಜನ ಮಲಗುತ್ತಾರೆ. ಅವರ ನೆಲದ ಬಗ್ಗೆ ನನ್ನ ಮಣೆ ಸಾಕ್ಷಿ ಹೇಳಬಾರದು. ಹಿಂದಿರುಗುವ ರೈಲಿನಲ್ಲಿ ಹೇಳಿದೆ.

"ಶ್ರುತಿ, ಆವತ್ತು ನಿನ್ನ ಮಷೀನು ಮಣೆ ಮೇಲಿತ್ತು."

ಅವಳು ಲ್ಯಾಪ್‌ಟಾಪ್ ತೆರೆದು ನಡುಕದ ಹಿಂದಿನ ಸಂಜೆಯ ಗೆರೆಗಳನ್ನು ನೋಡಿದಳು. ನಾನು ಎತ್ತಿದ್ದು, ಇಟ್ಟದ್ದು, ಎಲ್ಲವೂ ಅಲ್ಲಿತ್ತು.

"ಪೂಜೆ ಮಾಡಿದ್ಯಾ, ಇದಕ್ಕೆ?"

"ನಿಂಗೆ ಒಳ್ಳೇದಾಗ್ಲಿ ಅಂತ."

"ಮೇಡಂಗೆ ಇವತ್ತೇ ಹೇಳ್ಬಿಡ್ತೀನಿ," ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು. ಬೈಯಲಿಲ್ಲ. ಅದನ್ನು ದಯೆ ಎಂದು ಎಣಿಸಲು ನನಗೆ ಮನಸ್ಸು ಬರಲಿಲ್ಲ. ರಾಜೀವ್ ಚೌಕದಲ್ಲಿ ಇಳಿದು ಹಾಸ್ಟೆಲಿನ ಕಡೆಯ ರೈಲಿಗೆ ಹೋದಳು.

ಮನೆಗೆ ಬಂದು ದೀಪ ಹಚ್ಚಿದೆ. ನೆಲ ನಡುಗದಿರಲಿ ಎಂದು ದಿನವೂ ಬೇಡುವವಳು ನಾನು. ಆ ನಡುಕದ ಲೆಕ್ಕ ಕೆಟ್ಟ ಮೇಲೆ ಈಗ ಅವಳಿಗೆ ಬೇಕಾದದ್ದು ಇನ್ನೊಂದು ನಡುಕ. ಬರಲಿ ಎನ್ನಲು ಧೈರ್ಯವಿಲ್ಲ; ಬಾರದಿರಲಿ ಎನ್ನಲು ಬಾಯಿ ಬರಲಿಲ್ಲ. ಕೈ ಮುಗಿದು ನಿಂತೆ. ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ಬಕೆಟ್ ತುಂಬಿಸಲು ಹೋದೆ.