ಶನಿವಾರ ಹೊರಟ ಬಳೆಗಳು

ಚೀನಾ ಯುದ್ಧ ನಿಂತ ಚಳಿಗಾಲದ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಜಯನಗರದ ನಮ್ಮ ಮನೆಯ ನಡುಮನೆಯಲ್ಲಿ ಅಪ್ಪ, ಅಮ್ಮ ಮತ್ತು ಆಗಷ್ಟೇ ಕಾಲೇಜು ಸೇರಿದ್ದ ನಾನು ಇದ್ದೆವು. ಯುದ್ಧದ ಖರ್ಚಿಗೆಂದು ಸರ್ಕಾರ ಜನರಿಂದ ಚಿನ್ನವನ್ನು ಹದಿನೈದು ವರ್ಷಗಳ ಅವಧಿಗೆ ಸಾಲವಾಗಿ ಪಡೆದು ಬಾಂಡ್ ಕೊಡುತ್ತಿತ್ತು. ನನ್ನ ಮದುವೆಗಾಗಿ ಎತ್ತಿಟ್ಟಿದ್ದ ನಾಲ್ಕು ಬಳೆಗಳನ್ನು ಅಪ್ಪ ಹಿಂದಿನ ದಿನವೇ ಬ್ಯಾಂಕಿಗೆ ಒಯ್ಯಲು ಹೊರಟಿದ್ದರು. ಶುಕ್ರವಾರ ಚಿನ್ನ ಹೊಸ್ತಿಲು ದಾಟಬಾರದೆಂದು ಅಮ್ಮ ತಡೆದರು. ಹಾಗೆ ಸಿಕ್ಕ ಒಂದು ದಿನದಲ್ಲಿ ಅವರು ಚೆನ್ನಾಗಿ ಯೋಚನೆ ಮಾಡಿಕೊಂಡಿದ್ದರು.

“ಏನೂಂದ್ರೆ, ಹದಿನೈದು ವರ್ಷ ಆದ್ಮೇಲೆ ಈ ಸಾಲಾನ ಎಲ್ಲಿಂದ ತೀರಿಸ್ತಾರೆ?” ಎಂದರು ಅಮ್ಮ.

“ಆಗ ಬೇರೆಯವರ ಹತ್ರ ಸಾಲ ತಗೋತಾರೆ ಕಣೆ. ಸರ್ಕಾರ ನಡೆಯೋದೇ ಹಾಗೆ.”

“ಅಲ್ಲೀವರ್ಗೂ ಬಡ್ಡಿ?”

“ತೆರಿಗೆ ದುಡ್ಡಲ್ಲಿ ಕೊಡ್ತಾರೆ.”

“ತೆರಿಗೆ ಕಟ್ಟೋರು ಯಾರು?”

“ನಾವೇ. ಮುಂದೆ ಕೆಲಸಕ್ಕೆ ಸೇರಿದ್ರೆ ಇವಳೂ,” ಎಂದು ಅಪ್ಪ ನನ್ನತ್ತ ಕೈ ತೋರಿಸಿದರು.

“ಚೆನ್ನಾಯ್ತು! ಇವಳ ಬಳೆ ಸಾಲ ಕೊಟ್ಟು, ಅದರ ಬಡ್ಡೀನೂ ಇವಳ ಕೈಲೇ ಕಟ್ಟಿಸ್ತೀರಾ?”

ಅಪ್ಪನಿಗೆ ನಗು ಬಂತು. ಆದರೂ ಗಡಿಯಾರ ನೋಡಿ ಚಪ್ಪಲಿ ಮೆಟ್ಟಿದರು. “ಗಡೀಲಿ ನಿಂತಿರೋ ಸಿಪಾಯಿಗಳಿಗೆ ಚಳಿಗೊಂದು ಕೋಟು ಬೇಡ್ವೇನೆ?”

ಅಮ್ಮ ಎರಡು ಬಳೆಗಳಿಗೆ ಕುಂಕುಮ ಹಚ್ಚಿ, ಕರವಸ್ತ್ರದಲ್ಲಿ ಗಂಟು ಕಟ್ಟಿ ಕೊಟ್ಟರು. ಉಳಿದ ಎರಡನ್ನು ನನ್ನ ಕೈಗೆ ತೊಡಿಸಿದರು. ಅಪ್ಪ ಗಂಟನ್ನು ಜೇಬಿಗಿಟ್ಟುಕೊಂಡು ಹೊರಟರು.

ಮಧ್ಯಾಹ್ನ ಅವರು ತಂದ ರಸೀದಿಯನ್ನು ಲಕೋಟೆಯಲ್ಲಿಟ್ಟು, ಮೇಲೆ ನನ್ನ ಹೆಸರು ಬರೆದು, ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದೆ.