ಬದರಿನಾಥರ ಮಡಿಹೊಗೆ

ಬದರಿನಾಥರು ನೀರು ಕುಡಿಯಲು ಬಾಟಲಿ ಎತ್ತಿದರೆ ನಮ್ಮ ಕಾರ್ಖಾನೆಯ ಸ್ವೀಡಿಷ್ ಸಹೋದ್ಯೋಗಿಗಳು ಕಾಫಿ ಕಪ್ಪು ಕೆಳಗಿಟ್ಟು ನೋಡುತ್ತ ನಿಲ್ಲುತ್ತಾರೆ. ತಲೆ ಹಿಂದಕ್ಕೆ ಬಾಗಿಸಿ, ಬಾಟಲಿಯನ್ನು ತುಟಿಯಿಂದ ಒಂದು ಗೇಣು ಮೇಲೆ ಹಿಡಿದು, ಒಂದು ಹನಿಯೂ ಅಂಗಿಗೆ ತಾಗದಂತೆ ಗಟಗಟ ಇಳಿಸುವ ಆ ವಿದ್ಯೆ ಅವರ ಕಣ್ಣಿಗೆ ಸರ್ಕಸ್ಸು. ಬದರಿನಾಥರ ಪ್ರಕಾರ ಅದು ಸರ್ಕಸ್ಸಲ್ಲ, ಮನುಷ್ಯ ಪ್ರಾಣಿಯಾಗದೆ ಉಳಿಯಲು ಮಾಡಿಕೊಳ್ಳಬೇಕಾದ ಕನಿಷ್ಠ ಏರ್ಪಾಡು.

ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಅವರದು ಗುಣಮಟ್ಟ ತಪಾಸಣೆಯ ಕೆಲಸ. ಹುಟ್ಟುಗುಣವೇ ಉದ್ಯೋಗವಾಗುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಲೋಕದಲ್ಲಿ ಯಾವುದನ್ನು ಕಂಡರೂ ಅವರು ಮೊದಲು ಮೂಗು ಮುರಿಯುತ್ತಾರೆ, ಆಮೇಲೆ ನೋಡುತ್ತಾರೆ. ಅವರ ಪಕ್ಕದ ಮೇಜಿನ ಒಬ್ಬ ಸಜ್ಜನ ಸ್ನೂಸ್ ಎಂಬ ತಂಬಾಕಿನ ಪುಟ್ಟ ಪೊಟ್ಟಣವನ್ನು ಮೇಲ್ದುಟಿಯೊಳಗೆ ಸಿಕ್ಕಿಸಿಕೊಂಡೇ ಮೀಟಿಂಗಿಗೆ ಬರುತ್ತಾನೆ. ರಸ ತೀರಿದ ಮೇಲೆ ಎರಡು ಬೆರಳಲ್ಲಿ ಅದನ್ನು ಹೊರತೆಗೆದು ಡಬ್ಬಿಯ ಮುಚ್ಚಳದಲ್ಲಿಟ್ಟು, ಅದೇ ಬೆರಳಲ್ಲಿ ಫಿಕಾ ಎಂಬ ಕಾಫಿ ವಿರಾಮದ ದಾಲ್ಚಿನ್ನಿ ಬನ್ನು ಎತ್ತಿಕೊಳ್ಳುತ್ತಾನೆ. ಅದನ್ನು ಕಂಡ ದಿನದಿಂದ ಬದರಿನಾಥರು ಫಿಕಾಕ್ಕೆ ತಮ್ಮದೇ ಡಬ್ಬಿಯ ಚಕ್ಕುಲಿ ತರುತ್ತಾರೆ. ಅದನ್ನೂ ಗೋಡೆಯ ಕಡೆ ತಿರುಗಿ ತಿನ್ನುತ್ತಾರೆ.

ನಮ್ಮ ಮನೆಗೆ ಬಂದರೆ ಕೋಟಿನ ಜೇಬಿನಿಂದ ಅವರ ಸ್ಟೀಲ್ ಲೋಟ ಹೊರಬರುತ್ತದೆ. ಮೊದಮೊದಲು ನಾನೂ ನನ್ನ ಹೆಂಡತಿ ಮುಮ್ತಾಜಳೂ ಬೇರೆ ಏನೋ ಅರ್ಥ ಮಾಡಿಕೊಂಡು ಮುಖ ಊದಿಸಿಕೊಂಡಿದ್ದೆವು. ಆಮೇಲೆ ಅವರ ಹೆಂಡತಿ ನಳಿನಿಯವರೇ ಗುಟ್ಟು ಬಿಟ್ಟುಕೊಟ್ಟರು.

"ಬೇಜಾರು ಮಾಡ್ಕೋಬೇಡಿ ಮುಮ್ತಾಜ್. ಸ್ವಂತ ಅಣ್ಣನ ಮನೆಗೂ ಅದನ್ನೇ ಹೊತ್ಕೊಂಡು ಹೋಗ್ತಾರೆ. ನನ್ನ ಕೈ ಊಟ ಮಾಡ್ತಾರಲ್ಲ, ಅದೇ ನನ್ನ ಪುಣ್ಯ."

ಜಾತಿಮತ ನೋಡದೆ ಎಲ್ಲರಿಗೂ ಸಮನಾಗಿ ಹೇಸುವ ಮನುಷ್ಯ ಎಂದು ತಿಳಿದ ಮೇಲೆ ನಮಗೆ ಅವರ ಮೇಲೆ ಗೌರವವೇ ಬಂತು.

ಇಂಥವರು ಸಿಗರೇಟು ಸೇದುತ್ತಿದ್ದರು. ದಿನಕ್ಕೆ ಒಂದು ಪ್ಯಾಕು. ಹೊಗೆಯಾಡುವ ಚರಂಡಿಯನ್ನು ಬಾಯಿಗಿಟ್ಟುಕೊಳ್ಳಲು ನಿಮಗೆ ಅಸಹ್ಯವಾಗುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. ಅವರು ಸಿಗರೇಟನ್ನು ಕಿರುಬೆರಳ ಸಂದಿಯಲ್ಲಿ ಸಿಕ್ಕಿಸಿ, ಮುಷ್ಟಿ ಕಟ್ಟಿ, ಹೆಬ್ಬೆರಳ ಕಡೆಯಿಂದ ಹೊಗೆ ಎಳೆದು ತೋರಿಸಿದರು. ತುಟಿ ತಾಗಿರಲಿಲ್ಲ.

"ಅಗ್ನಿ, ಸಾಹೇಬ್ರೇ, ಅಗ್ನಿ. ಬೆಂಕಿಗೆ ಮೈಲಿಗೆ ಇಲ್ಲ."

ಆ ಬೆಂಕಿಗೆ ನೀರು ಸುರಿದವಳು ಅವರ ಮಗಳು ಅಹನಾ. ಸ್ವೀಡನ್ನಿನಲ್ಲೇ ಬೆಳೆದ ಹುಡುಗಿ, ಮುಚ್ಚಿಟ್ಟು ಮಾತಾಡಿ ಅಭ್ಯಾಸವಿಲ್ಲ. ಅವಳಿಗೆ ಗಂಡುಮಗುವಾಯಿತು, ವಿವಾನ್ ಎಂದು ಹೆಸರಿಟ್ಟರು. ಬದರಿನಾಥರು ಕೈ ಮೂರು ಸಲ ತೊಳೆದು, ಹೊಸ ಅಂಗಿ ಹಾಕಿಕೊಂಡು, ಏಲಕ್ಕಿ ಅಗಿಯುತ್ತ ಹೋಗಿ ಕೈ ಚಾಚಿದರು. ಅಹನಾ ಸ್ವೀಡಿಷ್‌ನಲ್ಲೇ ಬೇಡವೆಂದು ಮಗುವನ್ನು ಹಿಂದಕ್ಕೆಳೆದುಕೊಂಡಳು.

"ನೇಯ್, ಪಪ್ಪಾ. ಯೂ ಸ್ಟಿಂಕ್."

"ಸೋಪು ಹಾಕಿ ತೊಳ್ದಿದೀನಲ್ಲೇ!"

"ಸೋಪ್ ಪ್ಲಸ್ ಆ್ಯಶ್‌ಟ್ರೇ ಸ್ಮೆಲ್ ಬರ್ತಿದೆ. ಸಿಗರೇಟ್ ಬಿಟ್ಟ ಮೇಲೆ ಎತ್ಕೊಳ್ಳಿ. ಐ ಮೀನ್ ಇಟ್."

ಆಯಸ್ಸಿಡೀ ಲೋಕಕ್ಕೆ ಹೇಸಿದವರಿಗೆ ಲೋಕ ಮೊದಲ ಸಲ ತಿರುಗಿ ಹೇಸಿತ್ತು. ಅಂದು ನಳಿನಿಯವರ ತೊಡೆಯ ಮೇಲಿದ್ದ ಮಗುವಿನ ಫೋಟೋವನ್ನು ಬದರಿನಾಥರು ಬಾಗಿಲಲ್ಲಿ ನಿಂತು ತೆಗೆದರು. ಆಮೇಲಿನ ಫೋಟೋಗಳನ್ನೂ ಬಾಗಿಲಿನಿಂದಲೇ ತೆಗೆದರು. ಅವರ ಮೊಬೈಲಿನಲ್ಲಿ ಮೊಮ್ಮಗ ಯಾವಾಗಲೂ ದೂರದ ಬೆಟ್ಟದಷ್ಟೇ ದೊಡ್ಡವನು.

ಹೀಗೆ ಸಿಗರೇಟು ಬಿಡಲು ಅವರು ವೇಪ್ ಎಂಬ ಬ್ಯಾಟರಿ ಸಿಗರೇಟಿಗೆ ಬಂದರು. ಮೊದಲು ಬಳಸಿ ಬಿಸಾಡುವ ಬಣ್ಣಬಣ್ಣದ ಕೊಳವೆ. ಅದು ಕೋಟಿನ ಜೇಬಿನಲ್ಲಿ ಸೋರಿ, ಲೋಟಕ್ಕೆಲ್ಲ ಬೆವರಿದ ಮಾವಿನಹಣ್ಣಿನ ವಾಸನೆ ಹತ್ತಿತು. ಆಮೇಲೆ ರಸದ ಡಬ್ಬಿ ಬದಲಿಸುವ ಜಾತಿಯದು. ಅದರ ತಳದಲ್ಲಿ ಕಂದುಬಣ್ಣದ ಲೋಳೆ ಕೂಡುತ್ತಿತ್ತು. ಬದರಿನಾಥರು ಅದನ್ನು ಟಾರ್ಚು ಬಿಟ್ಟು ನೋಡಿದರು, ನನ್ನನ್ನೂ ಕರೆದು ತೋರಿಸಿದರು. ನಾನು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ.

"ಇದು ಉಗುಳೋ, ಔಷಧೀನೋ ಗೊತ್ತಾಗೋದೇ ಇಲ್ವಲ್ಲ ಸಾಹೇಬ್ರೇ. ಒಳಗೆ ಏನಿದೆ ಅಂತ ಬಿಚ್ಚಿ ನೋಡೋ ಹಾಗಿರ್ಬೇಕು. ನಾವೇ ತೊಳೀಬೇಕು, ನಾವೇ ಕಟ್ಬೇಕು."

ಅಂಥದ್ದೊಂದನ್ನು ತರಿಸಿದರು. ಪೂರ್ತಿ ಬಿಚ್ಚಿ ಕಟ್ಟಬಹುದಾದ ಉಕ್ಕಿನ ಅಟೊಮೈಜರ್, ಜೊತೆಗೆ ತಂತಿಯನ್ನು ಸ್ಪ್ರಿಂಗಿನಂತೆ ಮೊದಲೇ ಸುತ್ತಿಟ್ಟ ರೆಡಿಮೇಡ್ ಕಾಯಿಲ್‌ಗಳ ಪೊಟ್ಟಣ. ಕಾಯಿಲ್ ಕೂರಿಸಬೇಕು, ಅದರ ಹೊಟ್ಟೆಯಲ್ಲಿ ಹತ್ತಿ ತೂರಿಸಬೇಕು, ಹತ್ತಿಗೆ ರಸ ಕುಡಿಸಬೇಕು. ಆಮೇಲೆ ಗುಂಡಿ ಒತ್ತಿದರೆ ಕಾಯಿಲ್ ಕಾದು ರಸ ಆವಿಯಾಗುತ್ತದೆ. ಮನೆಗೆ ಅಹನಾ ಬರುವುದರಿಂದ ನಳಿನಿಯವರು ಈ ಕಾರ್ಖಾನೆಯನ್ನು ಅಲ್ಲಿ ತೆರೆಯಲು ಬಿಡಲಿಲ್ಲ. ಹಾಗಾಗಿ ಒಂದು ಶನಿವಾರ ಮಧ್ಯಾಹ್ನ, ಹೊರಗೆ ಹಿಮ ಗಟ್ಟಿಯಾಗಿ ಹಲ್ಲು ಕಡಿಯುವ ಚಳಿಯಲ್ಲಿ, ಬದರಿನಾಥರು ನಮ್ಮ ಮನೆಗೆ ಬಂದರು.

"ಮುಂದಿನ ಶನಿವಾರ ಅನ್ನಪ್ರಾಶನ, ಸಾಹೇಬ್ರೇ. ತಾತನ ತೊಡೆ ಮೇಲೆ ಕೂರಿಸಿ ಮೊದಲ ತುತ್ತು ಅಂತ ಆಗ್ಬೇಕು. ಸಿಗರೇಟು ಮುಟ್ಟಿಲ್ಲ ನಾನು. ಆದ್ರೆ ಇವತ್ತು ಇದು ನಡೀಲಿಲ್ಲ ಅಂದ್ರೆ ಸ್ಟೇಷನ್ನಿನ ಅಂಗಡಿಗೇ ಹೋಗ್ತೀನಿ, ಅಷ್ಟೇ. ಕೈ ನಡುಗ್ತಿದೆ ನೋಡಿ."

ನಿಜವಾಗಿಯೂ ನಡುಗುತ್ತಿತ್ತು. ಅದಕ್ಕೇ ನನ್ನ ಬಳಿ ಬಂದಿದ್ದರು. ನಾನು ಎಂಜಿನಿಯರ್ ಎಂಬ ಗೌರವ ಅವರಿಗೆ. ನಾನೊಂದು ನಿಜವಾದ ಸ್ಕ್ರೂ ತಿರುಗಿಸಿ ಎರಡು ದಶಕವಾಯಿತು. ಸ್ಕ್ರೂಗಳ ಚಿತ್ರವನ್ನು ಸ್ಲೈಡಿಗೆ ಅಂಟಿಸುವುದು ನನ್ನ ವೃತ್ತಿ. ಮನೆಯಲ್ಲಿ ರಿಪೇರಿ ಮಾಡಿದ್ದು ಮುಮ್ತಾಜಳ ಮಿಕ್ಸಿಯೊಂದನ್ನೇ. ಅವಳು ಇಂದಿಗೂ ಚಟ್ನಿಯನ್ನು ಕಲ್ಲಿನಲ್ಲೇ ರುಬ್ಬುತ್ತಾಳೆ. ಅಂದು ನನಗೆ ಭಯಂಕರ ನೆಗಡಿ ಬೇರೆ. ಮೂಗು ಇತ್ತು, ಕೆಲಸ ಮಾಡುತ್ತಿರಲಿಲ್ಲ.

ಬದರಿನಾಥರು ಮೇಜಿನ ಮೇಲೆ ಮೂರು ಪದರ ಕಾಗದ ಹಾಸಿದರು. ನೀಲಿ ಕೈಗವಸು ತೊಟ್ಟರು, ನನಗೂ ತೊಡಿಸಿದರು. ಅವಳಿ ಮಕ್ಕಳ ಹೆರಿಗೆಗೆ ನಿಂತವರಂತೆ ಕಾಣುತ್ತಿದ್ದೆವು. ಮೊಬೈಲಿನಲ್ಲಿ ಗಡ್ಡದ ಹುಡುಗನೊಬ್ಬ ಹಾಡು ಗುನುಗುತ್ತ ನಾಲ್ಕು ನಿಮಿಷದಲ್ಲಿ ಈ ಕೆಲಸ ಮುಗಿಸುತ್ತಿದ್ದ. ನಮಗೆ ಎರಡು ಪುಟ್ಟ ಕಂಬಗಳ ನಡುವೆ ಕಾಯಿಲಿನ ಕಾಲುಗಳನ್ನು ತೂರಿಸುವಷ್ಟರಲ್ಲೇ ಚಹಾದ ಹೊತ್ತಾಯಿತು. ಮೊದಲ ಕಾಯಿಲ್ ಚಿಮಟದಿಂದ ಹಾರಿ ಸೋಫಾದ ಕೆಳಗೆ ಹೋಯಿತು. "ಬಿಡಿ, ಅಲ್ಲಿಗೆ ಬಿದ್ದಿದ್ದು ಬೇಡ" ಎಂದು ಬದರಿನಾಥರು ನಮ್ಮ ನೆಲದ ಕಡೆ ಕರುಣೆಯಿಂದ ನೋಡಿದರು. ಎರಡನೆಯದರ ಕಾಲನ್ನು ನಾನು ಲಾರಿಯ ಚಕ್ರ ಬಿಗಿಯುವ ಹುಮ್ಮಸ್ಸಿನಲ್ಲಿ ಸ್ಕ್ರೂ ತಿರುಗಿಸಿ ಕತ್ತರಿಸಿಯೇ ಬಿಟ್ಟೆ. ಮೂರನೆಯದು ನಿಂತಿತು. ಹೊರಗೆ ಚಾಚಿದ ತುದಿಗಳನ್ನು ಬುಡಕ್ಕೇ ಕತ್ತರಿಸಬೇಕು, ಇಲ್ಲವಾದರೆ ಉಕ್ಕಿಗೆ ತಾಗಿ ಶಾರ್ಟ್ ಆಗುತ್ತದೆ. ನಾನು ಒಳಗಿನಿಂದ ಉಗುರುಕತ್ತರಿ ತಂದೆ.

ಬದರಿನಾಥರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದ್ರಲ್ಲಿ ಯಾರ ಉಗುರು ಕತ್ತರಿಸ್ತೀರಿ?"

"ನಮ್ದೇ."

"ಕೈದೋ, ಕಾಲಿಂದೋ?"

ನಾನು ಮೊಬೈಲಿನ ವಿಡಿಯೋ ಕಡೆ ತಿರುಗಿದೆ. ಅವರು ಎದ್ದು ನಮ್ಮ ಕೆಟಲಿನಲ್ಲಿ ನೀರು ಕುದಿಸಿ ಅದಕ್ಕೆ ಅಭಿಷೇಕ ಮಾಡಿದರು. ಮುಮ್ತಾಜಳು ಅಡುಗೆಮನೆಯಿಂದ ಇದನ್ನೆಲ್ಲ ನೋಡುತ್ತಿದ್ದಳು.

"ರೀ, ಆ ಕತ್ತರಿ ಇಷ್ಟು ಕ್ಲೀನ್ ಆಗಿದ್ದು ಇದೇ ಫಸ್ಟು. ಅಣ್ಣ, ವಾರಕ್ಕೊಂದ್ಸಲ ಬರ್ತಿರಿ."

ಗುಂಡಿ ಒತ್ತಿದೆವು. ಕಾಯಿಲ್ ಒಂದು ಮೂಲೆಯಲ್ಲಿ ಮಾತ್ರ ಕೆಂಡವಾಯಿತು. ಮೊಬೈಲಿನ ಹುಡುಗ ಹೇಳಿದಂತೆ ಚಿಮಟದಿಂದ ಮೆಲ್ಲಗೆ ಅದನ್ನು ಮೀಟಿ, ಸುತ್ತುಗಳನ್ನು ಒತ್ತಿ, ಮತ್ತೆ ಗುಂಡಿ ಅದುಮಿದಾಗ ನಡುವಿನಿಂದ ಎರಡೂ ಕಡೆಗೆ ಸಮನಾಗಿ ಕೆಂಪೇರಿತು. ಆ ಕ್ಷಣ ಬದರಿನಾಥರ ಮುಖ ಮಂಗಳಾರತಿ ನೋಡಿದವರಂತಿತ್ತು. ನಾನೂ ಎದೆಯುಬ್ಬಿಸಿದೆ. ಎಷ್ಟಾದರೂ ಎಂಜಿನಿಯರ್.

ಉಳಿದದ್ದು ಹತ್ತಿ. ಪೊಟ್ಟಣದಲ್ಲಿ ಕಾಯಿಲ್‌ಗಳ ಜೊತೆ ಹತ್ತಿಯ ಎಳೆಗಳೂ ಇದ್ದವು. ಬದರಿನಾಥರು ಅವನ್ನು ಚಿಮಟದಲ್ಲಿ ಎತ್ತಿ ನೇರವಾಗಿ ಕಸದ ಬುಟ್ಟಿಗೆ ಹಾಕಿದರು.

"ಯಾವ ದೇಶದಲ್ಲಿ, ಯಾವ ಮಹಾನುಭಾವ ಎಂಜಲು ಬೆರಳಲ್ಲಿ ಹೊಸೆದಿದ್ದೋ. ಅದನ್ನ ಎದೆಯೊಳಗೆ ಎಳ್ಕೊಳ್ಳೋದಾ? ಛೀ!"

ಬಾಗಿಲ ಚಳಿಯಲ್ಲಿ ತೂಗುಬಿಟ್ಟಿದ್ದ ಕೋಟಿನ ಒಳಜೇಬಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಬಂತು. ಒಳಗೆ ಬೆಳ್ಳನೆಯ, ಸಮನಾದ, ಮಟ್ಟಸವಾದ ಬತ್ತಿಗಳು.

"ನಳಿನಿ ದೇವರ ದೀಪಕ್ಕೆ ಹೊಸೆದಿದ್ದು. ಸ್ನಾನ ಮಾಡಿ, ಮಡೀಲಿ ಹೊಸೀತಾಳೆ. ಧೂಳು ತಾಗ್ಬಾರ್ದು ಅಂತ ಫ್ರಿಜ್ಜಲ್ಲೇ ಇಟ್ಟಿರ್ತಾಳೆ ನೋಡಿ! ಇದಕ್ಕಿಂತ ಶುದ್ಧವಾದ ಹತ್ತಿ ಇಡೀ ಸ್ವೀಡನ್ನಲ್ಲಿ ಸಿಗಲ್ಲ."

ಆ ಮಾತಿಗೆ ನಾನು ತಲೆದೂಗಿದೆ. ನಮ್ಮ ಮನೆಯಲ್ಲಿ ದೀಪ ಹಚ್ಚುವ ಪದ್ಧತಿಯಿಲ್ಲ. ಬತ್ತಿ ಎಂದರೆ ಬತ್ತಿ ಎಂದಷ್ಟೇ ನನಗೆ ಗೊತ್ತು. ಬದರಿನಾಥರೋ ದೇವರಿಗೆ ಕೈಮುಗಿಯುವವರೇ ಹೊರತು ದೇವರ ಡಬ್ಬಿ ಮುಟ್ಟಿದವರಲ್ಲ. ಬತ್ತಿ ತುಸು ಬಿರುಸಾಗಿತ್ತು, ಕಾಯಿಲಿನೊಳಗೆ ದಾರ ಪೋಣಿಸಿದಷ್ಟು ಸಲೀಸಾಗಿ ಹೋಯಿತು. "ಒಳ್ಳೆ ಗಟ್ಟಿ ಹತ್ತಿ" ಎಂದು ಇಬ್ಬರೂ ಮೆಚ್ಚಿಕೊಂಡೆವು. ತುದಿ ಕತ್ತರಿಸಿ, ಮಡಚಿ, ಪುದೀನದ ರಸ ಹಾಕಿ, ಮುಚ್ಚಳ ತಿರುಗಿಸಿದೆವು. ರಸ ಏಕೋ ಹತ್ತಿಗೆ ಇಳಿಯದೆ ಮೇಲೇ ಹೊರಳುತ್ತಿತ್ತು. ಚಳಿಗೆ ಹಾಗಾಗುತ್ತದೆ ಎಂದು ನಾನು ಎಂಜಿನಿಯರಿನ ಗಾಂಭೀರ್ಯದಿಂದ ತೀರ್ಪು ಕೊಟ್ಟೆ.

ಬದರಿನಾಥರು ಕಣ್ಣು ಮುಚ್ಚಿದರು. ಮುಷ್ಟಿ ಕಟ್ಟಿ ಯಂತ್ರವನ್ನು ಕಿರುಬೆರಳ ಕಡೆಗೆ ಸಿಕ್ಕಿಸಿ, ಹೆಬ್ಬೆರಳ ಕಡೆಯಿಂದ, ವಾರಗಳ ಹಸಿವನ್ನೆಲ್ಲ ಸೇರಿಸಿ, ಉದ್ದಕ್ಕೆ ಎಳೆದರು.

ಮೊದಲು ಅವರ ಕಣ್ಣು ತೆರೆಯಿತು. ಆಮೇಲೆ ಬಾಯಿ. ಮೂಗು, ಬಾಯಿ ಎರಡರಿಂದಲೂ ದಟ್ಟ ಹೊಗೆ ಬಂತು. ಆಮೇಲೆ ಬಂದ ಕೆಮ್ಮನ್ನು ನಾನು ವರ್ಣಿಸಲಾರೆ. ಅದರ ಹಿಂದೆಯೇ ಬಂದದ್ದನ್ನು ವರ್ಣಿಸಿದರೆ ನೀವು ಓದಲಾರಿರಿ. ಮೇಜಿನ ಮೇಲಿನ ಮೂರು ಪದರ ಕಾಗದ ಸಾರ್ಥಕವಾಯಿತು ಎಂದಷ್ಟೇ ಹೇಳುತ್ತೇನೆ.

ಮುಮ್ತಾಜಳು ಓಡಿ ಬಂದಳು. ಅವಳ ಮೂಗು ಚೆನ್ನಾಗಿತ್ತು.

"ಯಾ ಅಲ್ಲಾ, ತುಪ್ಪ ಸೀಯಿಸಿದ್ದು ಯಾರು? ಪುದೀನ ಹಾಕಿ ತುಪ್ಪ ಸೀಯಿಸ್ತೀರಾ?" ಅವಳು ಡಬ್ಬಿಯಿಂದ ಒಂದು ಬತ್ತಿ ಎತ್ತಿ, ಬರಿಗೈಯ ಬೆರಳುಗಳ ನಡುವೆ ಉಜ್ಜಿದಳು. ಮನೆಯ ಬಿಸಿಗೆ ಅದು ಆಗಲೇ ಕರಗಿ ಮಿರಿಮಿರಿ ಮಿಂಚುತ್ತಿತ್ತು. "ಜಿಡ್ಡು ಗೊತ್ತಾಗ್ಲಿಲ್ವಾ ನಿಮ್ಗೆ?"

ನಾವಿಬ್ಬರೂ ನಮ್ಮ ನೀಲಿ ಕೈಗವಸುಗಳನ್ನು ನೋಡಿಕೊಂಡೆವು.

ನಳಿನಿಯವರಿಗೆ ಫೋನ್ ಹೋಯಿತು. ಸ್ಪೀಕರಿನಲ್ಲಿ ಅವರ ಉತ್ತರ ಮನೆಯಿಡೀ ಕೇಳಿಸಿತು. "ಅಯ್ಯೋ, ತುಪ್ಪದಲ್ಲಿ ಅದ್ದಿ ಫ್ರಿಜ್ಜಲ್ಲಿಟ್ಟಿದ್ದೆ ಕಣ್ರೀ, ವಾರದ ಪೂಜೆಗೆ! ದೇವರಿಗೆ ಅಂತ ಇಟ್ಟಿದ್ದನ್ನ ಸೇದಿಬಿಟ್ರಾ?"

ಜಿಡ್ಡು ಎದೆಗಿಳಿದರೆ ಒಳ್ಳೆಯದಲ್ಲ ಎಂದು ಮುಮ್ತಾಜಳು ಆರೋಗ್ಯ ಸಹಾಯವಾಣಿಗೆ ಫೋನ್ ಹಚ್ಚಿಸಿದಳು. ಬದರಿನಾಥರು ಕಣ್ಣೊರೆಸಿಕೊಳ್ಳುತ್ತ, ತಮಗೆ ಬರುವ ಸ್ವೀಡಿಷ್‌ನಲ್ಲಿ, ತಾವೊಂದು ದೇವರ ದೀಪವನ್ನು ಉಸಿರಾಡಿರುವುದಾಗಿ ನರ್ಸಿಗೆ ತಿಳಿಸಿದರು. ಆಕೆ ಶಾಂತವಾಗಿ, ದೀಪ ಆಗ ಉರಿಯುತ್ತಿತ್ತೇ ಎಂದು ಕೇಳಿದಳು. ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಬನ್ನಿ, ಅದನ್ನು ಮತ್ತೆ ಸೇದಬೇಡಿ, ಬೇರೆ ಯಾವುದನ್ನೂ ಸೇದದಿದ್ದರೆ ಇನ್ನೂ ಒಳ್ಳೆಯದು ಎಂದಳು. ದೇವರು ದಯಾಮಯ; ಉಸಿರು ಕಟ್ಟಲಿಲ್ಲ. ನಮ್ಮ ಪರದೆಗಳಿಗೆ ಹತ್ತಿದ ವಾಸನೆ ಮಾತ್ರ ಎರಡು ಸಲ ತೊಳೆದರೂ ಹೋಗಲಿಲ್ಲ. ಯಂತ್ರವನ್ನು ಬದರಿನಾಥರು ನಮ್ಮ ಮೇಜಿನ ಮೇಲೇ ಬಿಟ್ಟು ಹೋದರು. ಅದರ ಮುಖ ನೋಡಲೂ ಅವರಿಂದ ಆಗಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವರು ಸ್ಟೇಷನ್ನಿನ ಅಂಗಡಿಯಲ್ಲಿ ಸಿಗರೇಟು ಕೊಂಡದ್ದು ನಿಜ. ಸೋಮವಾರ ಅವರೇ ಹೇಳಿದರು.

"ಹಚ್ಚಿದೆ ಸಾಹೇಬ್ರೇ. ಸೋತೆ ಅಂದ್ಕೊಂಡೇ ಹಚ್ಚಿದೆ. ಮುಷ್ಟಿ ಬಾಯಿ ಹತ್ರ ತಂದೆ ನೋಡಿ, ಸೀದ ತುಪ್ಪ ಗಂಟಲಿಗೆ ಬಂತು. ಅಲ್ಲೇ ಹಿಮದ ಮೇಲೆ... ಬಿಡಿ. ಪ್ಯಾಕೆಟ್ಟು ಕಸಕ್ಕೆ ಹಾಕ್ದೆ."

ಆ ವಾರವೆಲ್ಲ ಅವರು ಮುಷ್ಟಿ ಕಟ್ಟಿಕೊಂಡೇ ಓಡಾಡಿದರು. ತಪಾಸಣೆಯಲ್ಲಿ ಅವರು ತಿರಸ್ಕರಿಸಿದ ಬಿಡಿಭಾಗಗಳಿಂದ ಇನ್ನೊಂದು ಲಾರಿ ಕಟ್ಟಬಹುದಿತ್ತು.

ಶನಿವಾರ ಅನ್ನಪ್ರಾಶನಕ್ಕೆ ನಾವೂ ಹೋಗಿದ್ದೆವು. ಅಹನಾ ಬಾಗಿಲಲ್ಲೇ ಅಪ್ಪನನ್ನು ತಡೆದಳು. ಅಂಗಿಯ ಕಾಲರ್ ಮೂಸಿದಳು, ಬೆರಳು ಮೂಸಿದಳು, ಕೂದಲನ್ನೂ ಬಿಡಲಿಲ್ಲ. ಅವರು ಗೇಟಿನಲ್ಲಿ ತಪಾಸಣೆಗೆ ನಿಂತ ಲಾರಿಯಂತೆ ಉಸಿರು ಬಿಗಿಹಿಡಿದು ನಿಂತಿದ್ದರು.

"ಓಕೆ, ಪಪ್ಪಾ" ಎಂದಳು, ಮಗುವನ್ನು ಅವರ ಕೈಗೆ ಇಟ್ಟಳು.

ಬದರಿನಾಥರು ಮಣೆಯ ಮೇಲೆ ಕೂತು ವಿವಾನನನ್ನು ತೊಡೆಗೆ ಹಾಕಿಕೊಂಡರು. ನಳಿನಿಯವರು ಬೆಳ್ಳಿ ಬಟ್ಟಲಲ್ಲಿ ಪಾಯಸ ತಂದಿಟ್ಟರು. ಅದರ ಮೇಲೆ ಒಂದು ದೊಡ್ಡ ಚಮಚ ತುಪ್ಪ ತೇಲುತ್ತಿತ್ತು. ಹೊಸ ತುಪ್ಪ, ಬಿಸಿಬಿಸಿ. ನೆಗಡಿ ಬಿಟ್ಟಿದ್ದ ನನ್ನ ಮೂಗಿಗೇ ಅದು ಬಡಿದು, ನಮ್ಮ ಮನೆಯ ಪರದೆಗಳು ನೆನಪಾದವು. ಬದರಿನಾಥರ ಮುಖ ಬಿಳಿಚಿತು. ಆದರೂ ಕೈ ನಡುಗಿಸದೆ ತುತ್ತು ಎತ್ತಿ ಮೊಮ್ಮಗನ ಬಾಯಿಗಿಟ್ಟರು.

ವಿವಾನ್ ಅದನ್ನು ಬಾಯಲ್ಲಿ ಆಡಿಸಿದ. ಮುಖ ಕಿವುಚಿದ, ತಾತನ ಮೊಮ್ಮಗನೆಂದು ಆಗ ಖಾತ್ರಿಯಾಯಿತು. ಜೊಲ್ಲಿನ ಸಮೇತ ಎಲ್ಲವನ್ನೂ ಹೊರಗೆ ತಳ್ಳಿ, ಗಲ್ಲದಲ್ಲಿ ಇಳಿಯುತ್ತಿದ್ದುದನ್ನು ಮುಷ್ಟಿಯಲ್ಲಿ ಹಿಡಿದು, ಮೇಲಿದ್ದ ತಾತನ ಬಾಯೊಳಗೆ ತುರುಕಿದ.

ನಳಿನಿಯವರು ಟವೆಲ್ ಹಿಡಿದು ಮುಂದೆ ಬಂದರು.

ಬದರಿನಾಥರು ನುಂಗಿದರು. ಮಗು ಇನ್ನೊಂದು ಮುಷ್ಟಿ ಕೊಟ್ಟಿತು. ಅದನ್ನೂ ನುಂಗಿ, ಅವನ ಬೆರಳಿಗೆ ಅಂಟಿದ್ದ ಅಗುಳನ್ನು ತುಟಿಯಿಂದಲೇ ತೆಗೆದರು.

ನನ್ನ ಎದುರಿನ ಬಟ್ಟಲಿನ ಪಾಯಸ ಹಾಗೇ ಕೂತಿತ್ತು. ಎತ್ತಲು ನನ್ನಿಂದ ಆಗಿರಲಿಲ್ಲ. ಬದರಿನಾಥರು ಮುಂಗೈಯಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ನೋಡಿದರು.

"ತಿನ್ನಿ ಸಾಹೇಬ್ರೇ. ಎಲ್ಲದಕ್ಕೂ ಹಂಗೆ ಅಸಹ್ಯ ಪಟ್ಕೋಬಾರ್ದು."